ತೀರ್ಪು ನೀಡುವ ಯಂತ್ರಕ್ಕೂ ಶೂನ್ಯದೋಷ

ಭೌತವಿಜ್ಞಾನದ ಪ್ರಯೋಗಶಾಲೆಯನ್ನು ಹೊಕ್ಕ ವಿದ್ಯಾರ್ಥಿಗಳಿಗೆಲ್ಲ ಸ್ಕ್ರೂಗೇಜಿನ ಪರಿಚಯವುಂಟು. ತಂತಿಯ ದಪ್ಪವನ್ನು ಅಳೆಯುವ ಈ ಪುಟ್ಟ ಉಪಕರಣವನ್ನು ಕೈಗೆ ಕೊಡುವಾಗ ಅಧ್ಯಾಪಕರು ಹೇಳುವ ಮೊದಲ ಮಾತು ಒಂದೇ: “ಬಾಯಿ ಮುಚ್ಚಿದಾಗ ಸೊನ್ನೆ ತೋರುತ್ತದೆಯೋ ಇಲ್ಲವೋ ನೋಡಿರಿ.” ಸೊನ್ನೆಗೆ ಬದಲು 0.05 ಮಿಲಿಮೀಟರು ತೋರಿದರೆ, 0.52 ಮಿಲಿಮೀಟರು ದಪ್ಪದ ತಂತಿಯನ್ನು ಅದು 0.57 ಎಂದು ಹೇಳುವುದು. ಹತ್ತು ಸಲ ಅಳೆದು ಸರಾಸರಿ ತೆಗೆದರೂ ಉತ್ತರವು 0.57ರ ಸುತ್ತಲೇ ನಿಲ್ಲುವುದು. ಕೈ ನಡುಗಿ, ಕಣ್ಣು ತಪ್ಪಿ ಆಗುವ ದೋಷಗಳು ಒಮ್ಮೆ ಹೆಚ್ಚಾಗಿ, ಒಮ್ಮೆ ಕಡಿಮೆಯಾಗಿ, ಸರಾಸರಿಯಲ್ಲಿ ಬಹುಮಟ್ಟಿಗೆ ಅಳಿಸಿಹೋಗುತ್ತವೆ. ಇವು ಯಾದೃಚ್ಛಿಕ ದೋಷಗಳು. ಸದಾ ಒಂದೇ ಕಡೆಗೆ ಎಳೆಯುವ ಶೂನ್ಯದೋಷವಾದರೋ ಹಾಗೆ ಅಳಿಯದು. ಇದು ವ್ಯವಸ್ಥಿತ ದೋಷ. ಇದನ್ನು ಕಂಡುಹಿಡಿಯಲು ಅಳತೆಗಳ ಸಂಖ್ಯೆಯನ್ನು ಹೆಚ್ಚಿಸಿ ಫಲವಿಲ್ಲ. ಉಪಕರಣವನ್ನೇ ಪರೀಕ್ಷೆಗೆ ಒಡ್ಡಬೇಕು.

ಇಂದು ತಂತಿಯನ್ನಲ್ಲ, ಮನುಷ್ಯರನ್ನೇ ಅಳೆಯುವ ಯಂತ್ರಗಳು ಬಳಕೆಗೆ ಬಂದಿವೆ. ಈತನಿಗೆ ಸಾಲ ಕೊಡಬಹುದೆ? ಈಕೆಯನ್ನು ಕೆಲಸದ ಸಂದರ್ಶನಕ್ಕೆ ಕರೆಯಬಹುದೆ? ಇಂಥ ಪ್ರಶ್ನೆಗಳಿಗೆ ಕಂಪ್ಯೂಟರು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ. ಅದು ಅನುಸರಿಸುವ ವಿಧಿಗೆ ಅಲ್ಗಾರಿದಮ್ ಎಂದು ಹೆಸರು. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಗಣಿತಜ್ಞ ಅಲ್-ಖ್ವಾರಿಜ್ಮಿಯ ಹೆಸರೇ ಮಾತುಮಾತಿನಲ್ಲಿ ಸವೆದು ಈ ಪದವಾಯಿತು. ಲೆಕ್ಕವೊಂದನ್ನು ಮುಗಿಸಲು ಹಂತಹಂತವಾಗಿ ಹೇಳಿಟ್ಟ ಕ್ರಮವೆಂದು ಇದರ ಅರ್ಥ. ಪ್ರಾಥಮಿಕ ಶಾಲೆಯಲ್ಲಿ ನಾವು ಕಲಿತ ಭಾಗಾಕಾರದ ಕ್ರಮವೂ ಒಂದು ಅಲ್ಗಾರಿದಮ್ಮೇ.

ಆದರೆ ಭಾಗಾಕಾರದ ಪ್ರತಿಯೊಂದು ಹೆಜ್ಜೆಯನ್ನೂ ನಾವು ನೋಡಬಲ್ಲೆವು. ಹೊಸ ಕಾಲದ ಅಲ್ಗಾರಿದಮ್ಮುಗಳಲ್ಲಿ ಹಲವು ಹಾಗಲ್ಲ. ಅವುಗಳಿಗೆ ನಿಯಮಗಳನ್ನು ಒಂದೊಂದಾಗಿ ಬರೆದುಕೊಡುವುದಿಲ್ಲ. ಹಿಂದಿನ ಸಾವಿರಾರು ಪ್ರಕರಣಗಳನ್ನು ತೋರಿಸಿ, “ಇವುಗಳಿಂದ ಕಲಿತುಕೋ” ಎಂದು ಬಿಡುತ್ತಾರೆ. ಯಂತ್ರವು ತನ್ನೊಳಗಿನ ಲಕ್ಷಾಂತರ ಸಂಖ್ಯೆಗಳನ್ನು ಹೊಂದಿಸಿಕೊಳ್ಳುತ್ತ ಹೋಗುತ್ತದೆ. ಕೊನೆಗೆ ಅದು ಕೊಡುವ ಉತ್ತರಕ್ಕೆ ಕಾರಣವೇನೆಂದು ಅದನ್ನು ನಿರ್ಮಿಸಿದವರೇ ಸುಲಭವಾಗಿ ಹೇಳಲಾರರು. ಮೇಲಾಗಿ, ವ್ಯಾಪಾರದ ಗುಟ್ಟೆಂದು ಕಂಪೆನಿಗಳು ಅದನ್ನು ಹೊರಗೆ ತೋರಿಸುವುದೂ ಇಲ್ಲ. ಹೀಗೆ ಅದು ಎರಡು ಬೀಗ ಹಾಕಿದ ಪೆಟ್ಟಿಗೆಯಾಗುತ್ತದೆ.

ನಮ್ಮ ಸಮೀಪದ ಉದಾಹರಣೆಯೊಂದನ್ನು ಕಲ್ಪಿಸಿಕೊಳ್ಳೋಣ. ಮನೆಮನೆಗೆ ಸಾಮಾನು ಮುಟ್ಟಿಸುವ ಕಂಪೆನಿಯೊಂದು, ತನ್ನ ಕೆಲಸಗಾರರ ದಕ್ಷತೆಯನ್ನು ಅಳೆಯಲು ಅಲ್ಗಾರಿದಮ್ಮೊಂದನ್ನು ಬೆಳಗಾವಿ ನಗರದಲ್ಲಿ ಕಲಿಸಿ ಸಿದ್ಧಪಡಿಸಿತೆನ್ನೋಣ. ತಿಲಕವಾಡಿಯ ನೇರ ಬೀದಿಗಳಲ್ಲಿ ಐದು ಕಿಲೋಮೀಟರಿಗೆ ಎಷ್ಟು ಹೊತ್ತು ಹಿಡಿಯುವುದೆಂದು ಯಂತ್ರವು ಚೆನ್ನಾಗಿ ಬಲ್ಲದು. ಅದೇ ಯಂತ್ರವನ್ನು ಸುಮಾರು 26 ಕಿಲೋಮೀಟರು ದೂರದ ಖಾನಾಪುರಕ್ಕೂ ಅನ್ವಯಿಸಿದರೆ? ಆ ತಾಲೂಕಿನ ಪಶ್ಚಿಮದ ಅಂಚು ಸಹ್ಯಾದ್ರಿಯ ಕಾಡು. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ ಆಷಾಢದಲ್ಲಿ ಹೊರಟವನಿಗೆ ದಾರಿಯುದ್ದಕ್ಕೂ ಮಳೆ, ತುಂಬಿ ಹರಿವ ಹಳ್ಳ, ನಡುನಡುವೆ ಸಿಗದ ಮೊಬೈಲ್ ಸಂಕೇತ. ಅವನು ಪಾಪ, ನಗರದವನಿಗಿಂತ ಹೆಚ್ಚು ದುಡಿದರೂ ತಡವಾಗಿಯೇ ತಲಪುವನು. ಯಂತ್ರಕ್ಕೆ ಮಳೆ ಕಾಣದು, ತಡವೊಂದೇ ಕಾಣುವುದು. ದಿನದಿನಕ್ಕೂ ಅವನ ಅಂಕ ಇಳಿಯುವುದು. ಒಂದು ಬೆಳಗ್ಗೆ ಅವನ ಖಾತೆಯೇ ಮುಚ್ಚಿಹೋಗುವುದು. ಅಲ್ಲಿ ಯಾರೂ ಅವನನ್ನು ದ್ವೇಷಿಸಲಿಲ್ಲ. ಆದರೂ ಅನ್ಯಾಯ ನಡೆದುಹೋಯಿತು. ಇದೇ ಅಲ್ಗಾರಿದಮ್ಮಿನ ಶೂನ್ಯದೋಷ. ಇನ್ನೂ ಸಾವಿರ ದಿನಗಳ ಲೆಕ್ಕವನ್ನು ಕೂಡಿಸಿದರೂ ಅದು ಅಳಿಯುವುದಿಲ್ಲ.

ಇದು ಬರಿಯ ಕಲ್ಪನೆಯೆಂದು ಕೆಲವರು ಹೇಳಿಯಾರು. ಅಮೆರಿಕದಲ್ಲಿ ನಿಜವಾಗಿ ನಡೆದುದನ್ನು ನೋಡೋಣ. ಯಾವ ರೋಗಿಗಳಿಗೆ ಹೆಚ್ಚಿನ ಆರೈಕೆ ಬೇಕೆಂದು ಆರಿಸುವ ಅಲ್ಗಾರಿದಮ್ಮೊಂದು ಅಲ್ಲಿನ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ರೋಗದ ತೀವ್ರತೆಯನ್ನು ನೇರವಾಗಿ ಅಳೆಯುವ ಬದಲು, ರೋಗಿಯ ಚಿಕಿತ್ಸೆಗೆ ತಗಲುವ ಹಣವನ್ನು ಅದು ಅಳತೆಗೋಲಾಗಿ ಹಿಡಿದಿತ್ತು. ಕರಿಯ ಜನರಿಗೆ ಚಿಕಿತ್ಸೆ ದೊರೆಯುತ್ತಿದ್ದುದೇ ಕಡಿಮೆ. ಆದುದರಿಂದ ಅವರಿಗಾಗಿ ಆದ ವೆಚ್ಚವೂ ಕಡಿಮೆ. ಯಂತ್ರವಾದರೋ, ವೆಚ್ಚ ಕಡಿಮೆಯಾದುದರಿಂದ ಕಾಯಿಲೆಯೂ ಕಡಿಮೆಯೆಂದು ಎಣಿಸಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಸಂಶೋಧಕರು ಈ ದೋಷವನ್ನು ಬಯಲಿಗೆಳೆದರು. ದೋಷವನ್ನು ತಿದ್ದಿದರೆ, ಹೆಚ್ಚಿನ ಆರೈಕೆಗೆ ಆಯ್ಕೆಯಾಗುವವರಲ್ಲಿ ಕರಿಯರ ಪ್ರಮಾಣ ನೂರಕ್ಕೆ 17.7ರಿಂದ 46.5ಕ್ಕೆ ಏರುವುದೆಂದು ಅವರು ಲೆಕ್ಕ ಹಾಕಿದರು. ಆ ಅಲ್ಗಾರಿದಮ್ಮಿಗೆ ರೋಗಿಯ ಜನಾಂಗ ಯಾವುದೆಂದು ತಿಳಿಸಿಯೇ ಇರಲಿಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಅಳತೆಗೋಲೇ ಡೊಂಕಾಗಿದ್ದರೆ, ಅಳೆಯುವವನು ಕಣ್ಣು ಕಟ್ಟಿಕೊಂಡಮಾತ್ರಕ್ಕೆ ಅಳತೆ ನೇರವಾಗುವುದಿಲ್ಲ.

ಇಂಥ ದೋಷವನ್ನು ಹಿಡಿಯುವ ದಾರಿ ಯಾವುದು? ಸ್ಕ್ರೂಗೇಜಿಗೆ ಹೇಳಿದ ದಾರಿಯೇ: ಉತ್ತರ ಗೊತ್ತಿರುವ ವಸ್ತುವನ್ನು ಕೊಟ್ಟು, ಯಂತ್ರ ಏನೆನ್ನುವುದೆಂದು ನೋಡುವುದು. ಜಾಯ್ ಬೌಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು ಇದನ್ನೇ ಮಾಡಿದರು. ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ಕಂಪೆನಿಗಳ ಅಲ್ಗಾರಿದಮ್ಮುಗಳನ್ನು ಅವರು ಪರೀಕ್ಷಿಸಿ, 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯ ಮೈಬಣ್ಣದ ಗಂಡಸರ ವಿಷಯದಲ್ಲಿ ತಪ್ಪು ನೂರಕ್ಕೆ 0.8ನ್ನು ಮೀರಲಿಲ್ಲ, ಕಪ್ಪು ಮೈಬಣ್ಣದ ಹೆಂಗಸರ ವಿಷಯದಲ್ಲಿ ಅದು 34.7ರವರೆಗೂ ಏರಿತು. ಒಟ್ಟು ಸರಾಸರಿಯನ್ನಷ್ಟೇ ನೋಡಿದ್ದರೆ ಈ ಅಂತರ ಅಡಗಿಯೇ ಇರುತ್ತಿತ್ತು. ವಿಷಯ ಬಹಿರಂಗವಾದ ಮೇಲೆ ಮೂರು ಕಂಪೆನಿಗಳೂ ತಮ್ಮ ತಪ್ಪನ್ನು ಬಹಳಷ್ಟು ತಗ್ಗಿಸಿಕೊಂಡವು. ಹೊರಗಿನವರು ಪರೀಕ್ಷಿಸಬಲ್ಲರೆಂದಾದರೆ ದೋಷ ತಿದ್ದಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ.

ಇನ್ನು ಹೊಣೆಯ ಪ್ರಶ್ನೆ. ಯಂತ್ರ ತಪ್ಪಿದರೆ ಉತ್ತರ ಹೇಳಬೇಕಾದವರು ಯಾರು? ಏರ್ ಕೆನಡಾ ವಿಮಾನ ಕಂಪೆನಿಯ ಜಾಲತಾಣದಲ್ಲಿದ್ದ ಮಾತನಾಡುವ ಯಂತ್ರವು, ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಟಿಕೆಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತು. ಆ ಯಂತ್ರದ ಮಾತಿಗೆ ತಾನು ಹೊಣೆಯಲ್ಲವೆಂದು ಕಂಪೆನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಕೆನಡಾದ ನ್ಯಾಯಮಂಡಳಿಯೊಂದು ಈ ವಾದವನ್ನು ತಳ್ಳಿಹಾಕಿ, ಪ್ರಯಾಣಿಕರಿಗೆ ಪರಿಹಾರ ಕೊಡಿಸಿತು. ತಕ್ಕಡಿಯಲ್ಲಿ ಮೋಸವಿದ್ದರೆ ನಾವು ಅಂಗಡಿಯವನನ್ನು ಕೇಳುತ್ತೇವೆಯೇ ಹೊರತು ತಕ್ಕಡಿಯನ್ನಲ್ಲ.

ನಮ್ಮ ರಾಜ್ಯದಲ್ಲಿಯೂ ಈ ವಿವೇಕ ಕಾಯಿದೆಯ ರೂಪ ತಳೆದಿದೆ. ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ ಸರಕಾರವು 2025ರ ಮೇ ತಿಂಗಳಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಅದು ಶಾಸಕಾಂಗದ ಒಪ್ಪಿಗೆ ಪಡೆದು ಕಾಯಿದೆಯಾಯಿತು. ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆಯು ಕಾರ್ಮಿಕನ ದುಡಿಮೆಯ ಮೇಲೆ ಯಾವ ಪರಿಣಾಮ ಮಾಡುವುದೆಂಬುದನ್ನು, ಕನ್ನಡದಲ್ಲಾಗಲಿ ಅವನು ಬಲ್ಲ ಮತ್ತೊಂದು ಭಾಷೆಯಲ್ಲಾಗಲಿ, ಕಂಪೆನಿಯು ಸರಳವಾಗಿ ತಿಳಿಸಬೇಕು. ಅವನನ್ನು ಕೆಲಸದಿಂದ ತೆಗೆಯುವುದಾದರೆ ಸಾಮಾನ್ಯವಾಗಿ 14 ದಿನ ಮುಂಚಿತವಾಗಿ, ಲಿಖಿತವಾಗಿ, ಕಾರಣ ಕೊಟ್ಟು ತಿಳಿಸಬೇಕು. ದೂರನ್ನು ಕೇಳುವ ವ್ಯವಸ್ಥೆಯೂ ಇರಬೇಕು. ಕನ್ನಡ, ಮರಾಠಿ, ಕೊಂಕಣಿಗಳು ಒಟ್ಟಿಗೆ ಕೇಳಿಬರುವ ಖಾನಾಪುರದಂಥ ತಾಲೂಕಿನಲ್ಲಿ ಭಾಷೆಯ ನಿಯಮದ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಕಾಯಿದೆ ಬಂದಮಾತ್ರಕ್ಕೆ ದೋಷ ಮಾಯವಾಗದು. ಅದನ್ನು ಬಳಸಲು ಕೇಳುವ ಜನ ಬೇಕು. ಯಂತ್ರದ ತೀರ್ಪು ಎದುರಿಗೆ ಬಂದಾಗ ನಾವು ಕೇಳಬೇಕಾದ ಪ್ರಶ್ನೆಗಳು ಮೂರು: ಇದು ನಿಜವಾಗಿ ಅಳೆಯುತ್ತಿರುವುದು ಏನನ್ನು? ಇದನ್ನು ಯಾರ ನಡುವೆ ಕಲಿಸಿ, ಯಾರ ಮೇಲೆ ಹೂಡಿದ್ದಾರೆ? ತಪ್ಪಿದ್ದರೆ ಓಗೊಡುವ ಮನುಷ್ಯ ಯಾರು? ಸೊನ್ನೆಯನ್ನು ನೋಡದೆ ಬರೆದ ಅಳತೆಯನ್ನು ಪ್ರಯೋಗಶಾಲೆಯಲ್ಲಿ ನಾವು ಒಪ್ಪುವುದಿಲ್ಲ. ಅಲ್ಲಿ ಹೋಗುವುದು ಹೆಚ್ಚೆಂದರೆ ಎರಡು ಅಂಕ. ಕಣಕುಂಬಿಯ ಮಳೆಯಲ್ಲಿ ನಿಂತವನಿಗೆ ಹೋಗುವುದು ಅಂದಿನ ಅನ್ನ.