‘ಬ್ಲ್ಯಾಂಕ್’ ಅಂದ್ರೆ ಏನು?

ಇಂಗ್ಲಿಷಿನ ಕೆಲವು ಪದಗಳು ನಮ್ಮ ಊರಲ್ಲೂ ಬಳಕೆಗೆ ಬಂದಿವೆ. ‘ಬ್ಲ್ಯಾಂಕ್’ ಅಂಥ ಒಂದು ಪದ. ಇದರ ಅರ್ಥ ಏನು? ಬನ್ನಿ, ತಿಳಿಯೋಣ.

ಈ ಪದ ಇಂಗ್ಲಿಷಿಗೆ ಬಂದದ್ದು ಫ್ರೆಂಚ್ ಭಾಷೆಯಿಂದ. ಅಲ್ಲಿ ‘ಬ್ಲಾಂ’ ಅಂದ್ರೆ ಬಿಳಿ. ಏನೂ ಬರೆಯದ ಕಾಗದ ಬೆಳ್ಳಗೆ ಇರುತ್ತದೆ ಅಲ್ಲವೇ? ಹಾಗಾಗಿ ಬ್ಲ್ಯಾಂಕ್ ಅಂದ್ರೆ ಖಾಲಿ ಅಂತ ಆಯಿತು. ಬ್ಲ್ಯಾಂಕ್ ಪೇಪರ್ ಅಂದ್ರೆ ಖಾಲಿ ಕಾಗದ. ಇದು ನೇರ ಅರ್ಥ.

ಪರೀಕ್ಷೆಗೆ ಕೂತ ಹುಡುಗ ‘ತಲೆಯೆಲ್ಲಾ ಬ್ಲ್ಯಾಂಕ್ ಆಯ್ತು’ ಅಂತಾನೆ. ಓದಿದ್ದು ನೆನಪಿಗೆ ಬರಲಿಲ್ಲ ಅಂತ ಅದರ ಅರ್ಥ. ಇದು ಒಳ ಅರ್ಥ.

‘ಬ್ಲ್ಯಾಂಕ್ ಚೆಕ್’ ಅನ್ನೋ ಮಾತಿಗೂ ಎರಡು ಅರ್ಥ ಇವೆ. ಒಂದು, ಹಣ ಎಷ್ಟು ಅಂತ ಬರೆಯದೆ ರುಜು ಮಾತ್ರ ಹಾಕಿದ ಚೆಕ್ಕು. ಇನ್ನೊಂದು, ‘ಏನು ಬೇಕಾದರೂ ಮಾಡು, ನಾನಿದ್ದೇನೆ’ ಅಂತ ಕೊಡುವ ಮಾತು. 1914ರ ಜುಲೈ ತಿಂಗಳಲ್ಲಿ ಜರ್ಮನಿ ದೇಶ ಆಸ್ಟ್ರಿಯಾ-ಹಂಗೇರಿಗೆ ಇಂಥ ಮಾತು ಕೊಟ್ಟಿತು. ಸರ್ಬಿಯಾ ಮೇಲೆ ಏನು ಕ್ರಮ ಕೈಗೊಂಡರೂ ಜೊತೆಗಿರುತ್ತೇವೆ ಅಂದಿತು. ಅಲ್ಲಿ ಚೆಕ್ಕೂ ಇರಲಿಲ್ಲ, ಹಣವೂ ಇರಲಿಲ್ಲ. ಆದರೂ ಚರಿತ್ರೆಕಾರರು ಅದನ್ನು ಬ್ಲ್ಯಾಂಕ್ ಚೆಕ್ ಅಂತಲೇ ಕರೆಯುತ್ತಾರೆ. ಅದೇ ತಿಂಗಳ 28ರಂದು ಯುದ್ಧ ಶುರುವಾಯಿತು. ಅದು ಮೊದಲನೇ ಮಹಾಯುದ್ಧ.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. ಸಾಲ ಕೊಡುವ ಕೆಲವರು ‘ಬ್ಲ್ಯಾಂಕ್ ಚೆಕ್ಕಿಗೆ ರುಜು ಹಾಕಿ’ ಅಂತಾರೆ. ಖಾಲಿ ತಾನೇ, ಏನಾದೀತು ಅಂತ ನಮಗೆ ಅನ್ನಿಸುತ್ತದೆ. ಐದು ಸಾವಿರದ ಸಾಲಕ್ಕೆ ಐವತ್ತು ಸಾವಿರ ಬರೆದುಕೊಂಡರೆ? ಖಾತೆಯಲ್ಲಿ ಅಷ್ಟು ಹಣ ಇಲ್ಲದಿದ್ದರೆ ಚೆಕ್ಕು ವಾಪಸು ಬರುತ್ತದೆ. ಆಮೇಲೆ ನೋಟೀಸು. ನೋಟೀಸು ಕೈಸೇರಿ 15 ದಿನದೊಳಗೆ ಹಣ ಕಟ್ಟದಿದ್ದರೆ ಕೇಸು. ತಪ್ಪು ಸಾಬೀತಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಹಣದ ಎರಡು ಪಟ್ಟಿನವರೆಗೆ ದಂಡ. ಎರಡೂ ಆಗಬಹುದು.

‘ಹಣ ಬರೆದದ್ದು ನಾನಲ್ಲ’ ಅಂದರೆ ಸಾಲದು. ತಾವಾಗಿ ರುಜು ಹಾಕಿ ಕೊಟ್ಟ ಖಾಲಿ ಚೆಕ್ಕೂ ಸಾಲ ತೀರಿಸಲು ಕೊಟ್ಟದ್ದು ಅಂತಲೇ ಕೋರ್ಟು ಮೊದಲು ತಿಳಿಯುತ್ತದೆ. ಅಲ್ಲ ಅನ್ನುವವರು ಸಾಕ್ಷಿ ಕೊಡಬೇಕು. 2019ರಲ್ಲಿ ಸುಪ್ರೀಂ ಕೋರ್ಟು ಹೀಗೆ ಹೇಳಿದೆ.

ಆದ್ದರಿಂದ ಮೊದಲು ಹೆಸರು, ತಾರೀಖು, ಹಣ ಬರೆಯಿರಿ. ಹಣವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯಿರಿ. ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಕೊನೆಗೆ ರುಜು. ಖಾಲಿ ಕಾಗದಕ್ಕೆ ರುಜುವೂ ಬೇಡ, ಹೆಬ್ಬೆಟ್ಟೂ ಬೇಡ.

ಖಾಲಿ ಬಿಟ್ಟ ಜಾಗದಲ್ಲಿ ನೀವು ಬರೆಯದಿದ್ದರೆ ಬೇರೆಯವರು ಬರೆದುಕೊಳ್ಳುತ್ತಾರೆ. ನೀವು ಅಕ್ಷರ ಕಲಿತಿದ್ದೀರಿ. ನೀವೇ ಬರೆಯಿರಿ.

ಉತ್ತರ ಹೇಳಿ:
1. ಬ್ಲ್ಯಾಂಕ್ ಪದದ ನೇರ ಅರ್ಥ ಏನು?
2. ಚೆಕ್ಕಿಗೆ ರುಜು ಹಾಕುವ ಮೊದಲು ಏನೇನು ಬರೆಯಬೇಕು?