ಎಂಜಿನ್ ಕುದಿದರೆ ಜೇಬಿಗೂ ಬಿಸಿ
ಶಿರಾಡಿ ಘಾಟಿಯ ಏರಿನಲ್ಲಿ ಕಾರಿನ ಉಷ್ಣತಾ ಮಾಪಕದ ಮುಳ್ಳು ಕೆಂಪು ಗೆರೆಯತ್ತ ಸರಿಯಿತೇ? ಸಕಲೇಶಪುರ ತಲುಪಿಯೇ ನಿಲ್ಲಿಸೋಣ ಎಂಬ ಹಟ ದುಬಾರಿಯಾದೀತು. ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಓಡುವ ಎಂಜಿನ್ ಮಿತಿಮೀರಿ ಕಾದರೆ ಗ್ಯಾಸ್ಕೆಟ್ ಹಾಳಾಗಿ, ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಬಾಗುವ ಅಪಾಯವಿದೆ. ಸೋರುವ ಹೋಸ್ ಬದಲಿಸುವುದು ಸಣ್ಣ ಖರ್ಚು. ಹೆಡ್ ಬಿಚ್ಚಿದರೆ ಬಿಲ್ಲು ಹತ್ತಾರು ಸಾವಿರಕ್ಕೇರುತ್ತದೆ. ಇಂಥ ಯಾಂತ್ರಿಕ ವೈಫಲ್ಯಕ್ಕೆ ಸಾಮಾನ್ಯ ವಾಹನ ವಿಮೆ ಅನ್ವಯಿಸದು.

ಆದ್ದರಿಂದ ಕೂಡಲೇ ಎಸಿ ಆರಿಸಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ. ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ; ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮೀತು. ಕನಿಷ್ಠ ಅರ್ಧ ತಾಸು ಕಾದು, ಪೂರ್ತಿ ತಣಿದ ನಂತರವೇ ಕೂಲೆಂಟ್ ಮಟ್ಟ ನೋಡಿ. ಕಡಿಮೆಯಿದ್ದರೆ ತುಂಬಿದ ಮಾತ್ರಕ್ಕೆ ಮುಗಿಯದು, ಸೋರಿಕೆಯನ್ನು ಪತ್ತೆಹಚ್ಚಿಸಬೇಕು. ಮುಳ್ಳು ಮತ್ತೆ ಏರಿದರೆ ಟೋಯಿಂಗ್ ವಾಹನ ಕರೆಸುವುದೇ ಲಾಭ.