ಬೆನ್ನು ಕಪ್ಪೋ, ಕಂದೋ?

ವೇರೂಳದ (ಎಲ್ಲೋರಾ) ಗುಹೆಗಳನ್ನು ನೋಡಿ ಘಾಟಿ ಹತ್ತಿದರೆ ನಾಲ್ಕಾರು ಕಿಲೋಮೀಟರಿಗೆ ಖುಲ್ತಾಬಾದ್. ದರ್ಗಾಗಳು, ಮಲಿಕ್ ಅಂಬರನ ಗೋರಿ, ಬನಿ ಬೇಗಂ ತೋಟ, ಎಲ್ಲೆಲ್ಲೂ ಬಿರುಕು ಬಿಟ್ಟ ಕರಿಕಲ್ಲಿನ ಗೋಡೆ. ಇಂಥ ಗೋಡೆಯ ಮೇಲೆ ಗುಬ್ಬಿಗಿಂತ ತುಸು ದೊಡ್ಡದಾದ ಹಕ್ಕಿಯೊಂದು ಕೂತು, ಬಾಲವನ್ನು ನೆಟ್ಟಗೆ ಎತ್ತಿ, ಬೆನ್ನಿನ ಮೇಲೆ ಮಡಚುವಂತೆ ಮುಂದಕ್ಕೆ ಬಾಗಿಸುತ್ತದೆ. ಬಾಲ ಎತ್ತಿದಾಗ ಅದರ ಬುಡದಲ್ಲಿ ಹಳೆಯ ಇಟ್ಟಿಗೆಯಂಥ ಕೆಂಪು ಕಾಣುತ್ತದೆ. ಮೈಸೂರು, ಬೆಂಗಳೂರಿನ ಕಡೆಯಿಂದ ಬಂದವರು ಅದನ್ನು ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ, ಮರುಕ್ಷಣವೇ ಅನುಮಾನಕ್ಕೆ ಬೀಳುತ್ತಾರೆ. ಎಲ್ಲವೂ ಸರಿಯಾಗಿದೆ, ಆದರೆ ಬೆನ್ನು ಊರಿನಲ್ಲಿ ಕಂಡಷ್ಟು ಕಪ್ಪಾಗಿಲ್ಲವಲ್ಲ!

ಇದು ಇಂಡಿಯನ್ ರಾಬಿನ್. ಮರಾಠಿಯಲ್ಲಿ ಚೀರಕ್. ನಮ್ಮ ಮಡಿವಾಳ ಹಕ್ಕಿಯ ಹತ್ತಿರದ ದಾಯಾದಿ. ಹಿಂದೆ ಇದನ್ನು ಬೇರೆಯದೇ ಕುಲದಲ್ಲಿ ಇಟ್ಟಿದ್ದರು. ಡಿಎನ್‌ಎ ಹೋಲಿಸಿ ನೋಡಿದ ಮೇಲೆ ಮಡಿವಾಳದ ಕುಲವಾದ ಕಾಪ್ಸಿಕಸ್‌ಗೇ ಸೇರಿಸಿದರು.

ಗಂಡನ್ನು ಗುರುತಿಸಲು ಹೆಗಲು ನೋಡಬೇಕು. ಕಪ್ಪು ಮೈಯಲ್ಲಿ ಅಲ್ಲೊಂದು ಬಿಳಿ ಮಚ್ಚೆ. ಆದರೆ ಅದನ್ನೇ ನಂಬಿ ಕೂತರೆ ಮೋಸಹೋಗುವುದುಂಟು. ಹಕ್ಕಿ ರೆಕ್ಕೆಯನ್ನು ಬಿಗಿಯಾಗಿ ಮುಚ್ಚಿ ಮೈ ಉಬ್ಬಿಸಿ ಕೂತಾಗ ಮಚ್ಚೆ ಒಂದು ಗೆರೆಯಷ್ಟಾಗುತ್ತದೆ; ಹಾರಿದರೆ, ಹೆಣ್ಣಿನ ಮುಂದೆ ಮೆರೆದರೆ ಅಗಲವಾಗಿ ತೆರೆದುಕೊಳ್ಳುತ್ತದೆ. ಹೆಣ್ಣಿಗೆ ಮಚ್ಚೆಯೇ ಇಲ್ಲ. ಅದರದು ಬೂದಿ ಬೆರೆತ ಕಂದು ಬಣ್ಣ. ಗುರುತಿಗೆ ಉಳಿಯುವುದು ಎತ್ತಿದ ಬಾಲ ಮತ್ತು ಬಾಲದಡಿಯ ಮಾಸಲು ಕೆಂಪು. ಹಾಗಾಗಿ ಗಂಡು ಹೆಣ್ಣು ಎರಡಕ್ಕೂ ಸಲ್ಲುವ ಗುರುತೆಂದರೆ ಬಾಲದಡಿಯ ಆ ಬಣ್ಣವೇ. ಮಡಿವಾಳ ಹಕ್ಕಿಗೆ ಅದಿಲ್ಲ: ಅದರ ಹೊಟ್ಟೆ ಬಿಳಿ, ರೆಕ್ಕೆಯಲ್ಲಿ ಉದ್ದನೆಯ ಬಿಳಿ ಪಟ್ಟಿ, ಬಾಲದ ಅಂಚೂ ಬಿಳಿ. ಚಳಿಗಾಲದಲ್ಲಿ ವಲಸೆ ಬರುವ ಬ್ಲ್ಯಾಕ್ ರೆಡ್‌ಸ್ಟಾರ್ಟ್‌ನ ಗಂಡು ಕೂಡ ಕಪ್ಪು-ಕೆಂಪು ಹಕ್ಕಿಯೇ, ಆದರೆ ಅದಕ್ಕೆ ಹೊಟ್ಟೆಯೆಲ್ಲ ಕೆಂಪು, ಬಾಲ ಸದಾ ನಡುಗುತ್ತಿರುತ್ತದೆ.

ಇನ್ನು ಬೆನ್ನಿನ ವಿಚಾರ. ಈ ಹಕ್ಕಿಯ ವಿಳಾಸ ಮೊದಲಿನಿಂದಲೂ ಗೊಂದಲದ್ದು. 1760ರಲ್ಲಿ ಫ್ರಾನ್ಸಿನ ಪಕ್ಷಿತಜ್ಞ ಬ್ರಿಸೋನ್ ಇದನ್ನು ಫಿಲಿಪ್ಪೀನ್ಸಿನ ಹಕ್ಕಿಯೆಂದು ತಪ್ಪು ತಿಳಿದು ವರ್ಣಿಸಿದ. 1766ರಲ್ಲಿ ಲಿನೇಯಸ್ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ. ಫಿಲಿಪ್ಪೀನ್ಸಿನಲ್ಲಿ ಈ ಹಕ್ಕಿ ಇಲ್ಲವೇ ಇಲ್ಲ. ಮುಂದೆ ಅದರ ಮೂಲಸ್ಥಳವನ್ನು ಪುದುಚೇರಿ ಎಂದು ತಿದ್ದಲಾಯಿತು. ಹೀಗೆ ದಕ್ಷಿಣದ ಹಕ್ಕಿಯೇ, ಅಂದರೆ ನೆತ್ತಿಯಿಂದ ಬಾಲದವರೆಗೆ ಕಪ್ಪಾದ ನಮ್ಮ ಕಡೆಯ ರಾಬಿನ್ನೇ, ಈ ಜಾತಿಯ ಮಾದರಿಯಾಯಿತು. ಉತ್ತರದ ಉಪಜಾತಿಗೆ ಗುಜರಾತಿನ ಖಂಭಾತ್‌ನಿಂದ ಹೆಸರು ಬಂತು. ಅದರ ಗಂಡು ಎದೆ, ಹೊಟ್ಟೆಯಲ್ಲಿ ಕಪ್ಪಗಿದ್ದರೂ ನೆತ್ತಿ, ಬೆನ್ನು ಸ್ಪಷ್ಟ ಕಂದು. ಕಪ್ಪು ಅಂಗಿಯ ಮೇಲೆ ಕಂದು ಶಾಲು ಹೊದ್ದಂತೆ ಕಾಣುತ್ತದೆ.

ಇವೆರಡರ ನಡುವಿನ ಹಕ್ಕಿಗೆ 1932ರಲ್ಲಿ ಪಕ್ಷಿತಜ್ಞರಾದ ವಿಸ್ಲರ್ ಮತ್ತು ಕಿನಿಯರ್ ಇಟ್ಟ ಹೆಸರು ಇಂಟರ್‌ಮೀಡಿಯಸ್, ಅಂದರೆ ನಡುವಿನದು. ದಖ್ಖನ್ನಿನ ಉತ್ತರ ಭಾಗ, ಗೋದಾವರಿ ಕಣಿವೆ ಇದರ ನೆಲೆ. ಬೆನ್ನು ಪೂರ್ತಿ ಕಪ್ಪೂ ಅಲ್ಲ, ಪೂರ್ತಿ ಕಂದೂ ಅಲ್ಲ. ಅದೇ ಹೊತ್ತಿನಲ್ಲಿ, 1931-32ರಲ್ಲಿ, ಸಲೀಂ ಅಲಿ ನಿಜಾಮನ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ್ದರು. ಅದರ ವರದಿಗೆ ಟಿಪ್ಪಣಿ ಬರೆದವರು ಇದೇ ವಿಸ್ಲರ್. ಆಗ ಖುಲ್ತಾಬಾದೂ ರಾಯಚೂರೂ ಕಲಬುರಗಿಯೂ ಒಂದೇ ಸಂಸ್ಥಾನದ ಊರುಗಳು.

ಕವಿರಾಜಮಾರ್ಗ ಕನ್ನಡ ನಾಡಿನ ಎಲ್ಲೆಯೆಂದು ಹೇಳಿದ ಗೋದಾವರಿ ಖುಲ್ತಾಬಾದಿನ ದಕ್ಷಿಣಕ್ಕೆ, ಪೈಠಣದ ಪಕ್ಕದಲ್ಲೇ ಹರಿಯುತ್ತದೆ. ಖುಲ್ತಾಬಾದಿನ ನೆರೆಯ ತಾಲ್ಲೂಕಿನ ಹೆಸರೇ ಕನ್ನಡ್. ಆದರೆ ರಾಬಿನ್‌ಗಳಿಗೆ ನದಿಯೇನೂ ಬೇಲಿಯಲ್ಲ. ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಕಂದು ತಾನಾಗಿ ಕರಗುತ್ತ, ಕಪ್ಪು ಏರುತ್ತ ಹೋಗುತ್ತದೆ. ಉಪಜಾತಿಗಳ ಗೆರೆ ಎಳೆದದ್ದು ಮನುಷ್ಯರು, ಹಕ್ಕಿಗಳಲ್ಲಿ ಇರುವುದು ಇಳಿಜಾರು ಮಾತ್ರ. ಈ ಹಕ್ಕಿಯಲ್ಲಿ ಮನಸೋಲಿಸುವ ಸಂಗತಿಯೂ ಇದೇ.

ಬೆನ್ನನ್ನು ಓದುವಾಗ ಒಂದು ಎಚ್ಚರ ಬೇಕು. ಕಪ್ಪು ಗರಿಗೆ ಬಣ್ಣ ಕೊಡುವುದು ಮೆಲನಿನ್. ಬಿಸಿಲು, ಧೂಳು, ಗೋಡೆಯ ಸಂದಿನ ತಿಕ್ಕಾಟಕ್ಕೆ ಸಿಕ್ಕಿ ಹಳೆಯ ಗರಿ ಸವೆದು, ತೊಳೆದು ತೊಳೆದು ಮಾಸಿದ ಕಪ್ಪು ಬಟ್ಟೆಯಂತೆ ಕಂದಾಗುತ್ತದೆ. ಮರಿ ಮಾಡಿ ಮುಗಿಸಿದ ಮೇಲೆ ಹಕ್ಕಿ ಗರಿ ಉದುರಿಸಿ ಹೊಸದು ತೊಡುತ್ತದೆ. ಆದ್ದರಿಂದ ಹಳೆಯ ಗರಿಯಲ್ಲಿರುವ ಒಂದೇ ಹಕ್ಕಿಯನ್ನು ನೋಡಿ ಇದು ಇಂಥದೇ ಎಂದು ತೀರ್ಮಾನಿಸುವುದು ಸರಿಯಲ್ಲ. ಕೆನ್ನೆಯನ್ನೂ ಕತ್ತಿನ ಹಿಂಭಾಗವನ್ನೂ ಒಟ್ಟಿಗೆ ನೋಡಬೇಕು. ಉತ್ತರದ ಹಕ್ಕಿಯಲ್ಲಿ ಕಪ್ಪು ಮುಗಿದು ಕಂದು ಶುರುವಾಗುವುದು ಅಲ್ಲಿ ಎದ್ದು ಕಾಣುತ್ತದೆ, ದಕ್ಷಿಣದ್ದರಲ್ಲಿ ಕಾಣುವುದಿಲ್ಲ, ನಡುವಿನದರಲ್ಲಿ ಇದೆಯೋ ಇಲ್ಲವೋ ಎಂಬಂತೆ ಮಸುಕಾಗಿರುತ್ತದೆ. ಕ್ಯಾಮೆರಾ ಹಿಡಿದವರು ಸಾಮಾನ್ಯವಾಗಿ ಎದೆ, ಬಾಲದ ಚಿತ್ರ ತೆಗೆದು ಹೊರಟುಬಿಡುತ್ತಾರೆ. ಎರಡು ನಿಮಿಷ ಕಾದರೆ ಅದು ಹುಳು ಹಿಡಿಯಲು ನೆಲಕ್ಕಿಳಿದು, ಬೆನ್ನು ತಿರುಗಿಸಿ ಕುಪ್ಪಳಿಸುತ್ತದೆ.

ಗೂಡಿನ ಕಾಲವಾದರೆ ಇನ್ನೂ ಸುಲಭ. ಗೋಡೆಯ ಬಿರುಕು, ಕಲ್ಲಿನ ಅಡಿ, ಮರದ ಪೊಟರೆ ಅದಕ್ಕೆ ಗೂಡಿನ ಜಾಗ. ಹುಲ್ಲಿನ ಬಟ್ಟಲಿಗೆ ಪ್ರಾಣಿಗಳ ಕೂದಲು ಹಾಸುತ್ತದೆ; ಎಷ್ಟೋ ಗೂಡುಗಳಲ್ಲಿ ಹಾವಿನ ಪೊರೆಯ ಚೂರೂ ಇರುತ್ತದೆ. ಹತ್ತು ಹನ್ನೆರಡು ದಿನ ಕಾವು ಕೊಡುವುದು ಹೆಣ್ಣೇ. ಮರಿ ಹೊರಬಂದ ಮೇಲೆ ಹುಳುವಿನ ಜೊತೆಗೆ ಪುಟ್ಟ ಹಲ್ಲಿ, ಕಪ್ಪೆಮರಿಗಳೂ ಆಗಾಗ ಗೂಡಿಗೆ ಬರುತ್ತವೆ. ಆಗ ದೂರದಲ್ಲಿ ಸದ್ದಿಲ್ಲದೆ ಕೂತವರ ಕಣ್ಣಿಗೆ, ಬಾಯಲ್ಲಿ ಹುಳು ಹಿಡಿದು ಬಿರುಕಿನೊಳಗೆ ನುಗ್ಗುವ ಹಕ್ಕಿಯ ಬೆನ್ನು ಮತ್ತೆ ಮತ್ತೆ ಬೀಳುತ್ತದೆ.